ಮೂಡಲ ಕೊಂಬೆ

"ಲೇ ಅರ್ಜಿದಾರ, ಬೋಳಿಮಗನೆ, ಒಲೆ ಮುಂದೆ ಕುಂತ್ಕಂಡು ತೂಕಡಿಸ್ತೀಯೇನ್ಲಾ? ಒಳಗೆ ಬೇಯ್ತಿರೋದು ಸೊಪ್ಪು ಕಣ್ಲಾ, ನಿಮ್ಮಪ್ಪನ ಎಣ ಅಲ್ಲ."

ಭಾವ ತೂಕಡಿಸುತ್ತಿರಲಿಲ್ಲ. ಹಸಿ ಸೌದೆ ಹೊತ್ತಿಕೊಳ್ಳದೆ ಹೊಗೆ ಉಗುಳುತ್ತಿತ್ತು, ಊದಿ ಊದಿ ಅವನ ಕಣ್ಣು ಕೆಂಪಗಾಗಿದ್ದವು. ಎದ್ದು ನಿಂತು, "ಸೌದೆ ಅಸಿ ಬುದ್ದಿ, ಬೆಂಕಿ ಇಡೀತಿಲ್ಲ" ಎಂದ. ಬೈದ ಒಡೆಯ ಮಹದೇವಪ್ರಸಾದ್ ತನ್ನ ಕಾಲ ಹತ್ತಿರ ಬಿದ್ದಿದ್ದ ಕೊರಡನ್ನು ಅವನ ಕಡೆಗೆ ಒದ್ದ. ಅದು ಭಾವನ ಮೊಣಕಾಲಿಗೆ ಬಡಿಯಿತು. ಚಪ್ಪರದ ಕೆಳಗೆ ಕಡ್ಡಿಗಳಿಗೆ ಹೊಗೆಸೊಪ್ಪು ಕಟ್ಟುತ್ತಿದ್ದ ನಾವು ಹೆಂಗಸರು ತಲೆ ಎತ್ತಲಿಲ್ಲ. ಎತ್ತಿದರೆ ನಮ್ಮ ಪಾಲಿನದೂ ಸಿಗುತ್ತದೆ.

ಎದುರಿಗೆ ನಾವೆಲ್ಲ ಮಹದೇವಪ್ರಸಾದನನ್ನು ಬುದ್ದಿ ಅನ್ನುತ್ತೇವೆ, ನೀವು ಅನ್ನುತ್ತೇವೆ. ಇಲ್ಲಿ ಮಾತು ನನ್ನದು, ಇಲ್ಲಿ ಅವನು ಬರೀ ಪ್ರಸಾದಪ್ಪ.

ಭಾವ ಅಂದರೆ ಮಂಟಯ್ಯ, ನನ್ನ ಗಂಡನ ಅಣ್ಣ. ಪ್ರಸಾದಪ್ಪನ ಬ್ಯಾರನ್ನಿಗೆ ಬೆಂಕಿ ಹಾಕುವುದು ಅವನ ಕೆಲಸ. ಬ್ಯಾರನ್ ಅಂದರೆ ಕಿಟಕಿಯಿಲ್ಲದ ಎತ್ತರದ ಮನೆ. ಒಳಗೆ ಸೊಪ್ಪಿನ ಕಡ್ಡಿಗಳನ್ನು ಸಾಲಾಗಿ ತೂಗುಹಾಕಿ, ಹೊರಗಿನ ಒಲೆಯಿಂದ ಶಾಖ ಕೊಟ್ಟು ಬೇಯಿಸುತ್ತಾರೆ. ಸೊಪ್ಪು ಹಳದಿಗೆ ತಿರುಗುವ ಹೊತ್ತಿನಲ್ಲಿ ಬೆಂಕಿ ಆರಬಾರದು, ಬಾಗಿಲು ತೆರೆಯಲೇಬಾರದು. ತಣ್ಣನೆ ಗಾಳಿ ಹೊಕ್ಕರೆ ಇಡೀ ಬೇಯ್ಗೆ ಕಪ್ಪಾಗಿ ಗೊಬ್ಬರದ ಗುಂಡಿಗೆ ಹೋಗುತ್ತದೆ. ಅದಕ್ಕೇ ಭಾವ ಊಟ ನಿದ್ದೆ ಎಲ್ಲ ಒಲೆಯ ಮುಂದೆಯೇ ಮುಗಿಸುತ್ತಿದ್ದ.

ಹಿಂದೆ ಆ ಒಲೆಗೆ ಕಲ್ಲಿದ್ದಲು ಬರುತ್ತಿತ್ತು. ಹಡಗಿನಿಂದ ಇಳಿದ ಹೊರದೇಶದ ಕಲ್ಲಿದ್ದಲನ್ನು ವ್ಯಾಪಾರಸ್ಥರು ಲಾರಿಯಲ್ಲಿ ತಂದು ಅಂಗಳಕ್ಕೇ ಸುರಿದು ಹೋಗುತ್ತಿದ್ದರು. ಈ ವರ್ಷ ಸರ್ಕಾರ ಹೊಸ ಆದೇಶ ಹೊರಡಿಸಿತು. ಹೊರಗಿನ ಕಲ್ಲಿದ್ದಲನ್ನು ಇನ್ನು ಸರ್ಕಾರದ ಒಂದು ನಿಗಮವೇ ತರಿಸಬೇಕು, ಅದೇ ಮಾರಬೇಕು, ಅದರ ಮೇಲೆ ಇಂಧನದ ಸೆಸ್ಸು ಬೇರೆ. ವ್ಯಾಪಾರಸ್ಥರ ಲಾರಿಗಳು ನಿಂತವು, ನಿಗಮದ ಲಾರಿಗಳು ಬರಲಿಲ್ಲ. ಸೊಪ್ಪು ಮಾತ್ರ ಯಾವ ಆದೇಶಕ್ಕೂ ಕಾಯದೆ ಹೊಲದಲ್ಲಿ ಮಾಗಿತು. ಪಿರಿಯಾಪಟ್ಟಣದ ಬೆಳೆಗಾರರೆಲ್ಲ ಸೇರಿ ಸರ್ಕಾರದ ಮೇಲೆ ಹೈಕೋರ್ಟಿಗೆ ಹೋಗುವುದೆಂದು ತೀರ್ಮಾನ ಮಾಡಿದರು.

ವಕೀಲ ಶಿವಶಂಕರ್ ಈ ಅಂಗಳದಲ್ಲೇ ಕಾಫಿ ಕುಡಿಯುತ್ತ ಹೇಳಿದ್ದನ್ನು ನಾನೇ ಕೇಳಿದ್ದೇನೆ. "ಸಾಲಾಗಿ ಬ್ಯಾರನ್ ಕಟ್ಟಿಸಿರೋ ನಿಮ್ಮನ್ನ ನೋಡಿದ್ರೆ ಜಡ್ಜ್ ಸಾಹೇಬ್ರಿಗೆ ಕನಿಕರ ಬರಲ್ಲ ಪ್ರಸಾದ್. ಒಬ್ಬ ಬಡವ ಬೇಕು. ಕಾಲೋನಿಯವನಾದ್ರೆ ಇನ್ನೂ ಒಳ್ಳೇದು."

ಬಡವ ಒಲೆಯ ಮುಂದೆಯೇ ಇದ್ದ. ಈ ಬ್ಯಾರನ್ನಿನ ಲೈಸೆನ್ಸು ಭಾವನ ಹೆಸರಿನಲ್ಲೇ ಇದೆ. ಒಬ್ಬನ ಹೆಸರಿಗೆ ಅಷ್ಟೊಂದು ಲೈಸೆನ್ಸು ಸಿಗುವುದಿಲ್ಲವೆಂದು ಪ್ರಸಾದಪ್ಪನೇ ಮಾಡಿಸಿದ್ದು. ಊರಿಗೆಲ್ಲ ಗೊತ್ತು, ಆಫೀಸಿನವರಿಗೂ ಗೊತ್ತು. ಭಾವನನ್ನು ಕಾರಿನಲ್ಲಿ ಕೂರಿಸಿಕೊಂಡು ಹುಣಸೂರಿಗೆ ಹೋಗಿ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದರು. ಅವನಿಗೆ ಅಲ್ಲೊಂದು ಹೆಸರು ಕೊಟ್ಟು ಕಳಿಸಿದ್ದರು, ಅರ್ಜಿದಾರ ಅಂತ.

ನಮ್ಮ ಕಡೆ ದಾರ ಅಂತ ಮುಗಿಯುವವರೆಲ್ಲ ಒಡೆಯರು. ಜಮೀನ್ದಾರ, ಗುತ್ತಿಗೆದಾರ, ತಹಸೀಲ್ದಾರ. ಅರ್ಜಿದಾರ ಅಂದರೆ ಅಂಥದೇ ಏನೋ ಇರಬೇಕು ಅಂದುಕೊಂಡ ನಮ್ಮ ಭಾವ. ಮನೆಗೆ ಬಂದವನು ಹೆಂಡತಿಯನ್ನು ಕೂಗಿ, "ಸೋಮಿ, ಸರ್ಕಾರದ ಮ್ಯಾಲೇ ಕೇಸ್ ಆಕಿರೋನು ನಾನು ಕಣಮ್ಮಿ. ಬ್ಯಾರನ್ನು ಮಂಟಯ್ಯಂದು ಅಂತ ಕೋರ್ಟಲ್ಲಿ ಬರ್ಸವ್ರೆ" ಎಂದ. ಜಗಲಿಯಲ್ಲಿದ್ದ ಸಣ್ಣಬೀರಯ್ಯ ತಾತ, "ಅಂಗಾದ್ರೆ ಒಂದ್ ಬೀಡಿ ಕೊಡ್ಲಾ ಅರ್ಜಿದಾರ" ಎಂದ. ನಾವೆಲ್ಲ ನಕ್ಕೆವು. ಹೆಸರು ಅಂಟಿಕೊಂಡಿತು, ಕೊನೆಗೆ ಪ್ರಸಾದಪ್ಪನ ಬೈಗುಳದೊಳಕ್ಕೂ ಸೇರಿಕೊಂಡಿತು. ಆದರೂ ಭಾವ ಆ ಹೆಸರು ಕೇಳಿದಾಗೆಲ್ಲ ಸ್ವಲ್ಪ ನೆಟ್ಟಗೆ ನಿಲ್ಲುತ್ತಿದ್ದ.

ಕೊರಡು ಒದ್ದ ದಿನ ಮಧ್ಯಾಹ್ನ ವಕೀಲರ ಕಾರು ಬಂತು.

"ಕಷ್ಟ ಆಗ್ತಿದೆ ಅಂತ ಬಾಯಲ್ಲಿ ಹೇಳಿದ್ರೆ ಸಾಲದಂತೆ ಪ್ರಸಾದ್. ತೋರಿಸಬೇಕು. ಕಲ್ಲಿದ್ದಲು ಸಿಗದೆ ಬಡ ರೈತ ಮರ ಕಡೀತಿದಾನೆ, ಪರಿಸರ ಹಾಳಾಗ್ತಿದೆ. ಅದೊಂದು ಫೋಟೊ ಹಾಕಿದ್ರೆ ಮುಗೀತು. ದೊಡ್ಡ ಮರ ಆಗಿರಬೇಕು."

ಬ್ಯಾರನ್ನಿನ ಹಿಂದೆ ಪ್ರಸಾದಪ್ಪನ ತೇಗ ಸಾಲಾಗಿ ನಿಂತಿವೆ, ಬೇಲಿಯುದ್ದಕ್ಕೂ ಸಿಲ್ವರ್ ಓಕ್ ಇದೆ. ಅವನು ಅತ್ತ ತಿರುಗಲೂ ಇಲ್ಲ. ಹಳ್ಳದ ಆಚೆಗೆ ಕೈ ತೋರಿಸಿದ. "ಅಲ್ಲಿ ಅದಲ್ಲ ನೇರಳೆ. ಅದ್ಕೇನು ಏಳೋರಿಲ್ಲ ಕೇಳೋರಿಲ್ಲ."

ನನ್ನ ಕೈಯಲ್ಲಿದ್ದ ಕಡ್ಡಿ ಕೆಳಗೆ ಬಿತ್ತು.

ಆ ನೇರಳೆ ನಮ್ಮ ಕಾಲೋನಿಯ ಮಸಣದಲ್ಲಿದೆ. ಇತ್ತು ಅನ್ನಬೇಕು. ನಮ್ಮವರ ಗುಂಡಿಗಳ ಮೇಲೆ ಕಲ್ಲಿಲ್ಲ, ಹೆಸರಿಲ್ಲ. ಒಂದು ಮಳೆಗಾಲ ಕಳೆದರೆ ಮಣ್ಣು ಕೂತು ನೆಲ ಒಂದೇ ಸಮ ಆಗಿಬಿಡುತ್ತದೆ. ಯಾರು ಎಲ್ಲಿ ಮಲಗಿದ್ದಾರೆ ಅನ್ನುವುದಕ್ಕೆ ನಮಗಿದ್ದ ಗುರುತು ಆ ಮರದ ಕೊಂಬೆಗಳು. ನಮ್ಮತ್ತೆ ಕವಲು ಕೊಂಬೆಯ ಕೆಳಗೆ. ಸಣ್ಣಬೀರಯ್ಯನ ಹೆಂಡತಿ ಸಿಡಿಲು ಬಡಿದ ಮೋಟು ಕೊಂಬೆಯ ಕೆಳಗೆ. ಮಂಟಯ್ಯ ಭಾವನ ಒಬ್ಬಳೇ ಮಗಳು ಮೀನಾ ಮೂಡಲ ಕೊಂಬೆಯ ಕೆಳಗೆ. ಜ್ವರ ಬಂದು ಹೋದ ಮಗು, ಇನ್ನೂ ಹಾಲುಹಲ್ಲು ಬೀಳುತ್ತಿದ್ದವು. ಮಾರ್ನಮಿಗೆ ಎಡೆ ಇಡಲು ಹೋದಾಗ ನಾವು ನೆಲ ನೋಡುವುದಿಲ್ಲ. ತಲೆ ಎತ್ತಿ ಕೊಂಬೆ ನೋಡಿ, ನೇರ ಅದರ ಕೆಳಗೆ ಎಲೆ ಹಾಸುತ್ತೇವೆ.

ಭಾವ ಒಲೆ ಬಿಟ್ಟು ಬಂದು ಪ್ರಸಾದಪ್ಪನ ಮುಂದೆ ಮಂಡಿಯೂರಿದ. "ಅದೊಂದ್ ಬುಟ್ಬುಡಿ ಬುದ್ದಿ. ಮಗಾ ಮಲ್ಗದೆ ಅಲ್ಲಿ."

"ನಿನ್ ಮಗಳೇನು ಮರ ಅತ್ಕಂಡು ಕುಂತವ್ಳೇನ್ಲಾ? ಮಣ್ಣಾಗಿ ಎಷ್ಟ್ ಕಾಲ ಆಯ್ತು."

"ನಮ್ಮನೆ ತೊಲೆ ಕಿತ್ಕೊಡ್ತೀನಿ ಬುದ್ದಿ. ಅತ್ತಿ ಮರದ್ದು, ದಪ್ಪಗವೆ. ಅದ್ನೇ ಕಡೀತೀನಿ, ಅದ್ನೇ ಫೋಟೊ ತಗೀರಿ."

ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. "ಮನೆ ತೊಲೆ ಪರಿಸರ ಆಗಲ್ಲಪ್ಪಾ. ಕೋರ್ಟಿಗೆ ಮರ ಬೇಕು."

ಸುದ್ದಿ ಕೇಳಿ ಸೋಮಕ್ಕ ಓಡಿಬಂದಿದ್ದಳು. ಅವಳು ಗಂಡನ ಪಕ್ಕದಲ್ಲಿ ಕೂತು ನೆಲಕ್ಕೆ ಹಣೆ ಹಚ್ಚಿದಳು. ಭಾವ ಅವಳನ್ನು ನೋಡಿದ, ವಕೀಲರನ್ನು ನೋಡಿದ. ತಲೆಯೊಳಗಿದ್ದ ಕಟ್ಟಕಡೆಯ ಮಾತನ್ನು ಹೊರಗೆ ತೆಗೆದ.

"ಅರ್ಜಿದಾರ ನಾನಲ್ವಾ ಸ್ವಾಮಿ? ನಾನು ಬ್ಯಾಡ ಅಂದ್ರೆ?"

ವಕೀಲರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಕ್ಕರು. ಕೆಟ್ಟ ನಗುವಲ್ಲ ಅದು, ಮಕ್ಕಳ ಮಾತಿಗೆ ನಗುತ್ತಾರಲ್ಲ, ಹಾಗೆ. "ಅರ್ಜಿದಾರ ಅಂದ್ರೆ ಯಜಮಾನ ಅಂದ್ಕೊಂಡ್ಯಾ? ಬೇಡೋನು ಕಣಪ್ಪಾ. ಕೈ ಮುಗಿದು ಕೇಳ್ಕೊಳ್ಳೋನು."

ಪ್ರಸಾದಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಭಾವ ಮುಗಿದಿದ್ದ ತನ್ನ ಕೈಗಳನ್ನೇ ನೋಡಿಕೊಂಡ. ನಾನು ಆ ಮುಖ ನೋಡಬಾರದಿತ್ತು.

ಮಾರನೆಯ ದಿನ ಮರ ಕೊಯ್ಯುವ ಮಿಷನ್ನು ಬಂತು. ಅಷ್ಟು ವರ್ಷದ ಮರ, ಬೀಳುವುದಕ್ಕೆ ನಾವು ಸೊಪ್ಪು ಕಟ್ಟುವಷ್ಟು ಹೊತ್ತೂ ಬೇಕಾಗಲಿಲ್ಲ. ಅದು ಬಿದ್ದಾಗ ಕಾಲೋನಿಯ ಹೆಂಗಸರು ಬಾಯಿ ಬಡಿದುಕೊಂಡರು. ಮಿಷನ್ನಿನವನನ್ನು ಆಚೆ ಸರಿಸಿ, ಭಾವನ ಕೈಗೆ ಒಂದು ಹಳೆಯ ಕೊಡಲಿ ಕೊಟ್ಟು ಬುಡದ ಹತ್ತಿರ ನಿಲ್ಲಿಸಿದರು.

"ಅಂಗಿ ಬಿಚ್ಚಿಸಿ" ಎಂದರು ವಕೀಲರು. "ಪಕ್ಕೆ ಮೂಳೆ ಕಾಣಬೇಕು."

ಭಾವ ಅಂಗಿ ಬಿಚ್ಚಿದ. ಬೆನ್ನಿನ ತುಂಬ ಒಲೆಯ ಕಿಡಿ ಸಿಡಿದ ಕಲೆಗಳು.

"ಸ್ವಲ್ಪ ಅಳೋ ಹಾಗೆ ಮುಖ ಮಾಡಪ್ಪಾ."

ಭಾವ ಅಳಲಿಲ್ಲ, ಕಲ್ಲಿನಂತೆ ನಿಂತಿದ್ದ. ಆಚೆ, ಮುರಿದು ಬಿದ್ದ ಮೂಡಲ ಕೊಂಬೆಯ ಎಲೆಗಳ ಅಡಿಯಲ್ಲಿ ಸೋಮಕ್ಕ ತೆವಳಿಕೊಂಡು ಏನೋ ಹುಡುಕುತ್ತಿದ್ದಳು. ಅವಳ ಬಾಯಿಂದ ಹೊರಡುತ್ತಿದ್ದದ್ದು ಅಳುವೂ ಅಲ್ಲ, ಮಾತೂ ಅಲ್ಲ. ವಕೀಲರು ಮೊಬೈಲನ್ನು ಅತ್ತ ತಿರುಗಿಸಿದರು.

"ಆಯಮ್ಮನ್ನೂ ಸೇರಿಸ್ಕೊಳ್ಳೋಣ. ಚೆನ್ನಾಗಿ ಬರುತ್ತೆ."

ಥೂ ಇವರ ಜನ್ಮಕ್ಕೆ ಅಂತ ಅವತ್ತು ಮನಸ್ಸಿನಲ್ಲಿ ಅಂದೆ. ಇವತ್ತು ಬಾಯಿಬಿಟ್ಟೇ ಅನ್ನುತ್ತಿದ್ದೇನೆ.

ಫೋಟೊ ತೆಗೆದಾದ ಮೇಲೆ ಮರವನ್ನು ಅಲ್ಲೇ ಬಿಡುತ್ತಾರೆ ಅಂದುಕೊಂಡಿದ್ದೆವು. ಬಿದ್ದಿದ್ದರೂ ಸರಿ, ಯಾವ ಕೊಂಬೆ ಎಲ್ಲಿ ಬಿದ್ದಿದೆ ಅನ್ನುವುದಾದರೂ ಕಾಣುತ್ತಿತ್ತು, ಒಂದೊಂದು ಗೂಟ ಹೊಡೆದುಕೊಳ್ಳಬಹುದಿತ್ತು. ನಾವು ಗಂಜಿ ಕುಡಿದು ಬರುವಷ್ಟರಲ್ಲಿ ಮಿಷನ್ನು ಅದನ್ನು ಒಲೆಯ ಬಾಯಿಗೆ ಹಿಡಿಸುವಷ್ಟು ಉದ್ದಕ್ಕೆ ಕತ್ತರಿಸಿಬಿಟ್ಟಿತ್ತು. ಟ್ರಾಕ್ಟರು ಮಸಣದ ಮೇಲೆಲ್ಲ ಓಡಾಡಿ ತುಂಡುಗಳನ್ನು ತುಂಬಿಕೊಂಡು ಹೋಯಿತು. ನೆಲದ ಮೇಲೆ ಚಕ್ರದ ಗುರುತುಗಳು ಮಾತ್ರ ಉಳಿದವು.

ಬ್ಯಾರನ್ನಿನ ಅಂಗಳದಲ್ಲಿ ನೇರಳೆಯನ್ನು ಪೇರಿಸಿದ್ದರು. ಅದರ ಮಾರನೆಯ ದಿನ ಒಳಗೆ ಸೊಪ್ಪು ಆಗತಾನೇ ಹಳದಿಗೆ ತಿರುಗುತ್ತಿತ್ತು. ಅದೇ ಹೊತ್ತಿಗೆ ಪ್ರಸಾದಪ್ಪನಿಗೆ ಫೋನು ಬಂತು. ತನ್ನ ದೊಡ್ಡಸ್ತಿಕೆ ನಮಗೂ ಕೇಳಲೆಂದು ಅವನು ಯಾವಾಗಲೂ ಸ್ಪೀಕರ್ ಹಾಕುತ್ತಾನೆ.

"ಫೋಟೊ ನಾಟಿದೆ ಪ್ರಸಾದ್" ಎಂದಿತು ವಕೀಲರ ದನಿ. "ಮುಂದಿನ ತಾರೀಕಿಗೆ ಅರ್ಜಿದಾರನ್ನ ಖುದ್ದಾಗಿ ಕರ್ಕೊಂಡು ಬನ್ನಿ ಅಂದಿದ್ದಾರೆ ಜಡ್ಜ್ ಸಾಹೇಬ್ರು. ಅಲ್ಲೀವರೆಗೆ ಹುಷಾರು. ಅವನ ಮೈಮೇಲೆ ಒಂದು ಗೀರೂ ಆಗಬಾರದು. ಅವನು ತಿರುಗಿಬಿದ್ರೆ ಕೇಸೇ ಇರಲ್ಲ."

ಪ್ರಸಾದಪ್ಪ ಫೋನು ಜೇಬಿಗಿಟ್ಟುಕೊಂಡ. ಖುಷಿಯಲ್ಲಿದ್ದ. "ಕೇಳ್ತೇನ್ಲಾ? ಕಲ್ಲಿದ್ದಲು ಬಂದೇ ಬತ್ತದೆ. ಅಲ್ಲೀಗಂಟ ಇದ್ನ ಆಕು, ಬೆಂಕಿ ಇಳೀತಾ ಅದೆ."

ಭಾವ ಒಂದು ತುಂಡನ್ನು ಎತ್ತಿಕೊಂಡ. ಹಸಿ ತೊಗಟೆ, ಇನ್ನೂ ನೀರು ಒಸರುತ್ತಿತ್ತು. ಅದನ್ನು ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಕೂತ. ಆಮೇಲೆ ಎದ್ದು, ತುಂಡನ್ನು ರಾಶಿಯ ಮೇಲೆ ಮೆಲ್ಲಗೆ ಇಟ್ಟು, ಬ್ಯಾರನ್ನಿನ ಬಾಗಿಲ ಹತ್ತಿರ ಹೋದ. ಅಗುಳಿ ತೆಗೆದು ಎರಡೂ ಕದ ಪೂರ್ತಿ ತೆರೆದ.

ಒಳಗಿನ ಬಿಸಿ ಉಗಿ ಭುಸ್ಸೆಂದು ಹೊರಗೆ ಬಂತು. ಅಂಗಳದ ತುಂಬ ಬೇಯುತ್ತಿದ್ದ ಸೊಪ್ಪಿನ ವಾಸನೆ.

"ಲೇ ಸೂಳೆಮಗನೆ, ಬಾಗ್ಲು ಆಕ್ಲಾ, ಸೊಪ್ಪೆಲ್ಲ ಓಯ್ತದೆ ಕಣ್ಲಾ."

ಭಾವ ಹೊಸ್ತಿಲ ಮೇಲೆ ಕೂತ. "ಓಗ್ಲಿ. ಬ್ಯಾರನ್ನು ನಂದು. ನೀವೇ ಕೋರ್ಟಲ್ಲಿ ಬರ್ಸಿರೋದು."

ಪ್ರಸಾದಪ್ಪ ಓಡಿಬಂದು ಕೊರಡು ಎತ್ತಿದ. ಭಾವ ಕದಲಲಿಲ್ಲ, ಅಂಗಿಯ ಗುಂಡಿ ಬಿಚ್ಚತೊಡಗಿದ.

"ಒಡೀರಿ. ಚೆನ್ನಾಗ್ ಕಾಣಂಗೆ ಒಡೀರಿ. ತಾರೀಕಿನ ದಿನ ಜಡ್ಜ್ ಮುಂದೆ ಇಂಗೇ ಅಂಗಿ ಬಿಚ್ತೀನಿ. ಫೋಟೊಕ್ಕೆ ಬಿಚ್ಚಿಸಿದ್ರಲ್ಲ, ಅಂಗೇಯ."

ಎತ್ತಿದ ಕೈ ಎತ್ತಿದ ಹಾಗೇ ನಿಂತಿತು. ಮದುವೆಯಾಗಿ ಬಂದಾಗಿನಿಂದ ನಾನು ಆ ಕೈ ಇಳಿಯುವುದನ್ನು ನೋಡಿದ್ದೆ, ನಿಲ್ಲುವುದನ್ನು ನೋಡಿರಲಿಲ್ಲ.

"ತಾರೀಕು ಮುಗೀಲಿ ಕಣ್ಲಾ" ಎಂದ ಪ್ರಸಾದಪ್ಪ, ಹಲ್ಲು ಕಡಿಯುತ್ತ. "ನಿನ್ ಮನೆ ಇರೋದು ನನ್ ಜಾಗದಲ್ಲಿ. ಅದ್ರ ಮ್ಯಾಲೆ ಟ್ರಾಕ್ಟರ್ ಅತ್ತಿಸ್ತೀನಿ."

"ಗೊತ್ತು" ಎಂದ ಭಾವ. ಬುದ್ದಿ ಅನ್ನಲಿಲ್ಲ.

ನಾನು ಮಡಿಲಿನ ಸೊಪ್ಪು ಕೊಡವಿ ಎದ್ದೆ. ಯಾರೂ ಹೇಳಲಿಲ್ಲ, ಕರೆಯಲಿಲ್ಲ. ಒಂದು ತುಂಡು ತಲೆಯ ಮೇಲೆ ಹೊತ್ತೆ. ಹಿಂದೆಯೇ ನನ್ನ ಪಕ್ಕದಲ್ಲಿ ಸೊಪ್ಪು ಕಟ್ಟುತ್ತಿದ್ದ ಪ್ರೇಮಮ್ಮ ಎದ್ದಳು, ಆಮೇಲೆ ಉಳಿದವರು. ಸಣ್ಣಬೀರಯ್ಯ ತಾತ ಎದ್ದು ಬಂದು, ಹೊರಲಾಗದೆ ಒಂದನ್ನು ಎಳೆದುಕೊಂಡೇ ಹೊರಟ. ಹಳ್ಳ ದಾಟಿ, ದಾಟಿ ಬಂದು, ನೇರಳೆಯನ್ನೆಲ್ಲ ಮಸಣಕ್ಕೆ ಸಾಗಿಸಿದೆವು. ಅಷ್ಟೂ ಹೊತ್ತು ಭಾವ ತೆರೆದ ಬಾಗಿಲಲ್ಲಿ ಕೂತೇ ಇದ್ದ, ಅವನ ಬೆನ್ನ ಹಿಂದೆ ಸೊಪ್ಪು ಕಪ್ಪಾಗುತ್ತಿತ್ತು. ಕೋರ್ಟಿನ ತಾರೀಕಿಗೆ ಇನ್ನೂ ದಿನ ಇತ್ತು. ಅದು ಮುಗಿದ ಮೇಲೆ ಅವನ ಮನೆ ಇರುವುದಿಲ್ಲ, ನಮಗೆ ಕೂಲಿ ಇರುವುದಿಲ್ಲ.

ಮಸಣದಲ್ಲಿ ತುಂಡುಗಳನ್ನು ಹರಡಿಕೊಂಡು ಸೋಮಕ್ಕ ಒಂದೊಂದನ್ನೂ ಸವರಿ ನೋಡುತ್ತಿದ್ದಳು. ಎಲ್ಲವೂ ಒಂದೇ ಉದ್ದ, ಒಂದೇ ಬಣ್ಣ.

"ಪುಷ್ಪಾ" ಎಂದು ನನ್ನನ್ನು ಕರೆದಳು. "ಇದ್ರಲ್ಲಿ ಮೂಡಲ ಕೊಂಬೆ ಯಾವ್ದವ್ವಾ? ಎಲ್ಲಿ ಮಲ್ಗಿಸ್ದೋ ಮಗೀನ?"

ನಾನು ರೂಢಿಯಂತೆ ತಲೆ ಎತ್ತಿ ನೋಡಿದೆ. ಮೇಲೆ ಬರೀ ಬಿಸಿಲಿತ್ತು.