ಬೀಳುವ ಗಾಜು

ಕೇಳಿಸುತ್ತಿಲ್ಲ, ಕಟ್ಟರಿನ ಚಕ್ರ ಕನ್ನಡಿಯ ಮೇಲೆ ಓಡುತ್ತಿದೆ, ಗೀರು ಬೀಳುವುದು ಕಣ್ಣಿಗೆ ಕಾಣುತ್ತಿದೆ, ಆದರೆ ಆ ಸದ್ದು, ಹೊಸ ಬಟ್ಟೆ ಹರಿದ ಹಾಗೆ ಒಂದೇ ಸಮ ಬರಬೇಕಾದ ಆ ಚರ್ ಎನ್ನುವ ಸದ್ದು, ಎಡಗಿವಿಯ ಗುಂಯ್‌ನಲ್ಲಿ ಮುಳುಗಿಹೋಗಿದೆ — ಗಾಜು ಕತ್ತರಿಸುವುದು ಕಣ್ಣಲ್ಲ ಕಣೇ, ಕಿವಿ, ಅಂದಿದ್ದಳು ಈ ಗಾಜಿನಂಗಡಿಯ ಒಡತಿ ಚಿಕ್ಕಮ್ಮ, ನಡುವೆ ಕರಕರ ಅಂದ್ರೆ ಅಲ್ಲೇ ನಿಲ್ಸು, ಇಲ್ಲಾಂದ್ರೆ ದಾರಿ ತಪ್ಪಿ ಸೀಳುತ್ತೆ. ಕತ್ತು ತಿರುಗಿಸಿ ಬಲಗಿವಿ ಬಗ್ಗಿಸುತ್ತೇನೆ, ಕೋಳಿ ನೆಲ ನೋಡಿದ ಹಾಗೆ, ಗುಬ್ಬಿ ಆಚೆ ಮೇಜಿನಿಂದ ನೋಡುತ್ತಿದ್ದಾಳೆ, ಹೆಸರಿಗೆ ಗುಬ್ಬಿ, ಇಡೀ ಹಾಳೆ ಗಾಜನ್ನು ಒಬ್ಬಳೇ ಎತ್ತುತ್ತಾಳೆ, ನನ್ನ ಕೆನ್ನೆಯ ಮೇಲೆ ಅವನ ಬೆರಳುಗಳ ಗುರುತು ಇನ್ನೂ ಕೆಂಪಗಿರುವಾಗ ಅವಳು ಕೇಳುವುದಕ್ಕೆ ಏನಿದೆ. ನಿನ್ನೆ ಸಂಜೆ ಅವನು ಹೊಡೆದಾಗ ನಾನು ಅತ್ತಿಲ್ಲ, ಈಗ ಈ ಸದ್ದು ಕೇಳಿಸದಿದ್ದಾಗ ಹೊಟ್ಟೆಯೊಳಗಿಂದ ಬೆಂಕಿ ಎದ್ದು ಬರುತ್ತಿದೆ, ಕೆನ್ನೆ ಬೇಕಾದರೆ ತಗೋ, ನನ್ನ ಕಿವಿ ಯಾಕೆ ಮುಟ್ಟಿದೆ, ಅದು ನನ್ನ ಕೆಲಸದ ಕಿವಿ. ಇಕ್ಕಳ ಹಾಕಿ ಒತ್ತುತ್ತೇನೆ, ಟಕ್, ಅಂಚಿನ ಪಟ್ಟಿ ಬೇರೆಯಾಯಿತು, ಇದು ಅವನ ಕಿರುಬೆರಳು, ಟಕ್, ಇದು ಉಂಗುರದ ಬೆರಳು, ಟಕ್ — ಗೀರು ಸರಿ ಬಿದ್ದಿದ್ದರೆ ಮುರಿಯುವುದಕ್ಕೆ ಬಲವೇ ಬೇಡ, ಇಷ್ಟು ಸುಲಭ ಅಂತ ಅವನಿಗೆ ಗೊತ್ತಿಲ್ಲ. ಇದು ಅವನದೇ ಕನ್ನಡಿ, ನಮ್ಮ ಕೋಣೆಯ ಬೀರುವಿಗೆ, ಮುಂದಿನ ತಿಂಗಳು ಮದುವೆಯಾದ ಮೇಲೆ ನಾನು ದಿನಾ ನಿಂತು ಕೆನ್ನೆಗೆ ಪೌಡರು ಬಳಿದುಕೊಳ್ಳಬೇಕಾದ ಕನ್ನಡಿ, ಅಳತೆ ಅವನು ಕೊಟ್ಟದ್ದು, ಟೈಲ್ಸ್ ಅಂಗಡಿಯವನು, ಅಳತೆಯಲ್ಲಿ ಕೂದಲೆಳೆ ತಪ್ಪುವವನಲ್ಲ, ಕೆನ್ನೆಯಲ್ಲೂ ತಪ್ಪಲಿಲ್ಲ.

ನಿನ್ನೆ ಮೆಟ್ಟಿಲಿನ ಮೇಲೆ ಆದದ್ದು, ಹೊಸ ಫೋನು ಅವನ ಕೈಯಿಂದ ಜಾರಿತು, ನನ್ನ ಮುಂದೆಯೇ ಬಿತ್ತು, ಯಾರಾದರೂ ಹಿಡಿಯುತ್ತಿದ್ದರು, ಮಗು ಕೂಡ ಹಿಡಿಯುತ್ತಿತ್ತು, ನನ್ನ ಕೈ ಎರಡೂ ಮೇಲೆ ಹೋದವು, ಕಾಲು ಒಂದು ಹೆಜ್ಜೆ ಹಿಂದೆ — ನಾನು ಮಾಡಿದ್ದಲ್ಲ, ಈ ಗಾಜಿನಂಗಡಿ ಮಾಡಿಸಿದ್ದು. ಬೀಳುವ ಗಾಜನ್ನು ಹಿಡಿಯಬಾರದು, ಇಲ್ಲಿನ ಮೊದಲ ಪಾಠ ಅದೇ, ನಾನು ಸೇರಿದ ಹೊಸದರಲ್ಲಿ ಕಿಟಕಿಯ ಗಾಜೊಂದನ್ನು ಹಿಡಿದೆ, ಅಂಗೈ ಬಾಯಿ ಬಿಟ್ಟಿತು, ಚಿಕ್ಕಮ್ಮ ಬಟ್ಟೆ ಸುತ್ತುತ್ತಾ ಬೈದಳು, ಗಾಜು ಹೋದ್ರೆ ಇನ್ನೊಂದು ತರ್ತೀನಿ, ಕೈ ಎಲ್ಲಿಂದ ತರ್ಲಿ ನಿಂಗೆ. ಆಮೇಲೆ ಹಳೇ ಚೂರುಗಳನ್ನು ಬೇಕೆಂದೇ ಬೀಳಿಸಿ ಕಲಿಸಿದಳು, ಬಿತ್ತು ಎಂದು ಯಾರು ಕೂಗಿದರೂ ಎಲ್ಲರೂ ಕೈ ಮೇಲೆ, ಹಿಂದಕ್ಕೆ, ಒಮ್ಮೆ ಒಬ್ಬ ಗಿರಾಕಿ ದರೋಡೆ ಎಂದುಕೊಂಡು ತಾನೂ ಕೈ ಎತ್ತಿ ನಿಂತ, ಗುಬ್ಬಿ ನಕ್ಕು ನಕ್ಕು ನೆಲದ ಮೇಲೆ ಕೂತಳು. ಮನೆಯಲ್ಲಿ ಸಾರಿನ ಪಾತ್ರೆ ಜಾರಿದರೂ ನಾನು ಹೀಗೇ, ಅಮ್ಮ ಹಣೆ ಬಡಿದುಕೊಳ್ಳುತ್ತಾಳೆ, ಹಿಡಿಯೋದು ಬಿಟ್ಟು ಬೊಂಬೆ ಥರ ನಿಂತಿದೀಯಲ್ಲೇ. ಮೆಟ್ಟಿಲಿನ ಮೇಲೆ ನನ್ನನ್ನು ನೋಡಿ ನನಗೇ ನಗು ಬಂತು, ಅದು ತಪ್ಪಾಯಿತು, ಅಲ್ಲ, ತಪ್ಪಲ್ಲ, ನಗ್ತೀಯಾ ನನ್ನ ನೋಡಿ, ನಗ್ತೀಯೇನೇ, ಫಟ್ — ಆಮೇಲೆ ಈ ಗುಂಯ್. ಅದಕ್ಕೆ ಮುಂಚೆ ಒಮ್ಮೆ ತೋಳು ತಿರುಚಿದ್ದ, ಅದಕ್ಕೂ ಮುಂಚೆ ಬರೀ ಮಾತು, ಇಪ್ಪತ್ತಾರಾಯ್ತು ನಿಂಗೆ, ಯಾರೂ ಒಪ್ಪಿರಲಿಲ್ಲ, ನಾನು ಒಪ್ಕೊಂಡೆ ನೆನಪಿರ್ಲಿ. ನೆನಪಿದೆ ಮಾರಾಯ. ಫೋನ್ ಅಂಗಡಿಯಲ್ಲಿ ನಕ್ಕಿದ್ದಕ್ಕೆ ಕೆಲಸ ಹೋಯಿತು, ಶಿಶುವಿಹಾರದಲ್ಲಿ ನಗಲಿಲ್ಲವೆಂದು ಹೋಯಿತು, ನೋಡಲು ಬಂದ ಗಂಡಿನವರ ಮುಂದೆ ಬಿಕ್ಕಳಿಕೆ ಹತ್ತಿ ನಿಲ್ಲಲೇ ಇಲ್ಲ, ಎಲ್ಲದರಲ್ಲೂ ಎಡವಟ್ಟು ನಾನು, ಈ ಮೇಜಿನ ಮುಂದೆ ಮಾತ್ರ ಅಲ್ಲ, ಇಲ್ಲಿ ನಾನು ಎಳೆದ ಗೀರನ್ನು ಚಿಕ್ಕಮ್ಮ ಮತ್ತೆ ಅಳೆದು ನೋಡುವುದಿಲ್ಲ. ಒಂದೇಟಿಗೆಲ್ಲ ಮದುವೆ ಮುರ್ಕೋತಾರೇನೇ, ಅಮ್ಮ ಇವತ್ತು ಬೆಳಿಗ್ಗೆ, ನಿಮ್ಮಪ್ಪ ಹೊಡೀತಿರ್ಲಿಲ್ವಾ. ಹೊಡೆದಾಗ ನೀನೇನ್ ಮಾಡ್ತಿದ್ದೆ ಅಮ್ಮಾ. ಏನ್ ಮಾಡ್ತಾರೆ, ಅಡುಗೆ ಮಾಡ್ತಿದ್ದೆ. ನಾನು ನಕ್ಕೆ, ಅವಳೂ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಅದನ್ನು ನೋಡಲಾರದೆ ಚಪ್ಪಲಿ ಮೆಟ್ಟಿ ಬಂದುಬಿಟ್ಟೆ.

ಬಂದ, ಬಾಗಿಲಲ್ಲಿ ಅವನದೇ ನೆರಳು, ಇಸ್ತ್ರಿಯ ಅಂಗಿ, ಕೈಯಲ್ಲಿ ಮಿಠಾಯಿ ಪೊಟ್ಟಣ, ನಿನ್ನೆಯ ಕೈಯೇ ಅದು. ಇನ್ನೂ ಮುಖ ಊದಿಸ್ಕೊಂಡೇ ಇದೀಯಾ, ಎನ್ನುತ್ತಾನೆ, ಗುಬ್ಬಿ ತಲೆ ಎತ್ತದೆ, ಊದ್ಸಿದ್ದು ನೀವೇ ಅಲ್ವಾ ಅಣ್ಣಾ, ಎನ್ನುತ್ತಾಳೆ, ಒಳಗಿನಿಂದ ಚಿಕ್ಕಮ್ಮ ಬಂದು ಬಾಗಿಲ ಹತ್ತಿರ ನಿಲ್ಲುತ್ತಾಳೆ. ಕನ್ನಡಿ ಆಯ್ತಾ, ಕೇಳುತ್ತಾನೆ ಅವನು. ಕನ್ನಡಿ ಆಯ್ತು, ಮದುವೆ ಆಗಲ್ಲ — ಯಾರು ಅಂದದ್ದು, ನಾನೇ, ಒಂದೇ ಸಮ ಬಂತು ಮಾತು, ನಡುವೆ ಎಲ್ಲೂ ಕರಕರ ಎನ್ನಲಿಲ್ಲ. ಪೊಟ್ಟಣ ಬಿತ್ತು, ಜಡೆ ಅವನ ಮುಷ್ಟಿಯಲ್ಲಿ, ತಲೆ ಹಿಂದಕ್ಕೆ, ಮುಂದಕ್ಕೆ, ಕೆನ್ನೆ ಕನ್ನಡಿಗೆ ಬಡಿಯುತ್ತದೆ, ತಣ್ಣಗಿದೆ, ಮೂಗಿನಿಂದ ಬಿಸಿ ಇಳಿಯುತ್ತಿದೆ, ಇನ್ನೊಂದ್ಸಲ ಹೇಳು, ಹೇಳೇ ನೋಡೋಣ, ಕನ್ನಡಿಯೊಳಗೆ ನನ್ನ ಒಂದು ಕಣ್ಣು ನನ್ನನ್ನೇ ನೋಡುತ್ತಿದೆ, ಹೆದರಿಲ್ಲ ಅದು, ಎಷ್ಟು ದಿನದಿಂದ ಅಲ್ಲಿತ್ತೋ. ಕೈಯಲ್ಲಿ ಇಕ್ಕಳ ಇದೆ, ಮುಖಕ್ಕೆ ಬೀಸಬಹುದು, ಹಲ್ಲು ಉದುರಿಸಬಹುದು, ಆಸೆಯಾಗುತ್ತದೆ, ನಿಜವಾಗಿ ಬಾಯಲ್ಲಿ ನೀರೂರುವಷ್ಟು ಆಸೆ, ಆದರೆ ಅವನ ಮೊಣಕೈಗೆ ಬಾರಿಸುತ್ತೇನೆ, ಎಲುಬಿನ ಸದ್ದು ಬಲಗಿವಿಗೆ ಚೆನ್ನಾಗಿ ಕೇಳಿಸುತ್ತದೆ, ಮುಷ್ಟಿ ಸಡಿಲವಾಯಿತು, ಗುಬ್ಬಿ ಓಡಿ ಬರುತ್ತಿದ್ದಾಳೆ, ಅವನು ಸಿಟ್ಟಿಗೆ ಮೇಜಿನ ಕಾಲನ್ನು ಒದೆಯುತ್ತಾನೆ, ಮೇಜು ವಾಲುತ್ತದೆ, ಕನ್ನಡಿ ಮೇಜಿಗೆ ಹಾಸಿದ ಕಂಬಳಿಯ ಮೇಲೆ ಜಾರುತ್ತಿದೆ, ಬಿತ್ತು, ಚಿಕ್ಕಮ್ಮ ಕೂಗುತ್ತಾಳೆ, ಮೂವರೂ ಹಿಂದಕ್ಕೆ, ಕೈ ಮೇಲೆ, ಅವನೊಬ್ಬ ಮುಂದಕ್ಕೆ, ತನ್ನ ಕನ್ನಡಿ, ತನ್ನ ಅಳತೆ, ಎರಡೂ ಕೈ ಚಾಚಿ ಹಿಡಿದ. ಹಿಡಿದೇ ಬಿಟ್ಟ. ಅಂಗೈಗಳೊಳಗೆ ಅದು ಇಳಿದು, ಮುರಿದು, ಉಳಿದದ್ದು ನೆಲದ ಮೇಲೆ ಪುಡಿ, ಅವನು ಕೈಗಳನ್ನು ನೋಡುತ್ತಾನೆ, ಅವು ಯಾರವೋ ಎಂಬಂತೆ, ಇಸ್ತ್ರಿಯ ತೋಳು ಕೆಂಪಾಗುತ್ತಿದೆ, ಬಟ್ಟೆ ತಾರೇ ಗುಬ್ಬಿ, ಚಿಕ್ಕಮ್ಮನ ದನಿ, ಆಟೋ ಕರಿಯೇ. ಅವನ ತುಟಿ ಬಿಳಿ, ನನ್ನನ್ನೇ ನೋಡುತ್ತಿದ್ದಾನೆ, ಹಿಡ್ಕೊಳ್ಳೇ, ಬೀಳ್ತಿದೀನಿ, ಹಿಡ್ಕೊಳ್ಳೇ — ಪಾಪ ಎನಿಸುತ್ತದೆ, ಯಾಕೆ ಎನಿಸಬೇಕು, ಎನಿಸುತ್ತದೆ, ಅಂಗೈಯ ಹಳೇ ಗಾಯ ಚುಳ್ ಎನ್ನುತ್ತದೆ, ಚಿಕ್ಕಮ್ಮ ಇದ್ದಾಳೆ, ಬಟ್ಟೆ ಇದೆ, ಆಸ್ಪತ್ರೆ ಇದೆ, ಅವನು ವಾಲುತ್ತಿದ್ದಾನೆ, ದರೋಡೆಗೆ ಸಿಕ್ಕವಳ ಹಾಗೆ ನಿಂತಿದ್ದೇನಲ್ಲ ನಾನು, ರಕ್ತದ ಮೂಗಿನಲ್ಲೇ ನಗು ಒತ್ತಿಕೊಂಡು ಬರುತ್ತಿದೆ, ಬರಲಿ, ಗುಂಯ್ ಎನ್ನುತ್ತಿದೆ ಕಿವಿ, ಎನ್ನಲಿ, ಅವನು ಬೀಳುತ್ತಿದ್ದಾನೆ, ನನ್ನ ಕೈ ಎರಡೂ ಮೇಲೆ, ಖಾಲಿ, ನನ್ನ ಕೈ, ಮೇಲೆ