ಗಂಗಹನುಮಯ್ಯ ಮತ್ತು ತಂಡ

ಕುದೂರಿನ ಬಸ್ ಸ್ಟ್ಯಾಂಡ್ ಎದುರಿಗೆ ‘ಜಯಕುಮಾರ್ ಮೊಬೈಲ್ಸ್’ ಅಂತ ಇದೆಯಲ್ಲ, ಅದು ನನ್ನದು. ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುವುದೇ ಆಗಿನ ಮುಖ್ಯ ಕೆಲಸ. ಎರಡು ಸಾವಿರದ ಒಂಬತ್ತನೇ ಇಸವಿ. ದಾಬಸ್‌ಪೇಟೆಯ ಫ್ಯಾಕ್ಟರಿಗಳಿಗೆ ಹೋಗುವವರೆಲ್ಲ ಬಸ್ಸು ಬರುವ ಐದು ನಿಮಿಷದೊಳಗೆ ಹಾಡು ಬೇಕೆಂದು ಪ್ರಾಣ ಹಿಂಡುತ್ತಿದ್ದರು. ನನ್ನ ಕಂಪ್ಯೂಟರಿನಲ್ಲಿ ಹನ್ನೊಂದು ಸಾವಿರ ಹಾಡು. ಯಾವುದು ಎಲ್ಲಿದೆ ಎಂದು ದೇವರಿಗೂ ಗೊತ್ತಿರಲಿಲ್ಲ. ಚೆಲ್ಲಾಪಿಲ್ಲಿ ಕಂಡರೆ ನನಗೆ ಮೈ ಉರಿಯುತ್ತದೆ. ತಟ್ಟೆಯಲ್ಲಿ ಉಪ್ಪಿನಕಾಯಿ ಅನ್ನಕ್ಕೆ ತಾಗಿದರೂ ಸಹಿಸದ ಆಸಾಮಿ ನಾನು.

ಹಾಡುಗಳನ್ನು ಜೋಡಿಸುವ ಒಂದು ಸಾಫ್ಟ್‌ವೇರ್ ಹಾಕಿಸಿಕೊಂಡೆ. ಹಾಡಿದವರ ಹೆಸರು, ಹಾಡಿನ ಹೆಸರು ತುಂಬಿದರೆ ಸಾಲಾಗಿ ಜೋಡಿಸುತ್ತಿತ್ತು. ಒಂದೇ ಹಾಡು ಎರಡು ಸಲ ಇದ್ದರೆ ತೋರಿಸಿ, ‘ಅಳಿಸಲೇ?’ ಎಂದು ಕೇಳುತ್ತಿತ್ತು. ಮೂರು ತಿಂಗಳು ಕೂತು ಹೆಸರು ತುಂಬಿದೆ. ಸುತ್ತಲಿನ ಭಜನೆ ತಂಡಗಳ ಪದಗಳನ್ನೂ ನಾನೇ ಹೋಗಿ ರೆಕಾರ್ಡ್ ಮಾಡಿಕೊಂಡು ಬಂದಿದ್ದೆ. ಅವಕ್ಕೆ ಯಾರ ಹೆಸರು ಹಾಕುವುದು? ತಂಡದಲ್ಲಿ ಎಂಟು ಜನ. ಒಂದೊಂದು ಪದಕ್ಕೆ ಒಬ್ಬೊಬ್ಬರು ಮುಂದೆ ಹೇಳುತ್ತಾರೆ, ಉಳಿದವರು ಹಿಂದೆ. ಹಾರ್ಮೋನಿಯಂ ಯಾರದೋ ಅವರ ಹೆಸರಿನಿಂದಲೇ ತಂಡವನ್ನು ಕರೆಯುವುದು ನಮ್ಮ ಕಡೆಯ ವಾಡಿಕೆ. ನಾನೂ ಆಯಾ ತಂಡದ ಎಲ್ಲ ಪದಕ್ಕೂ ಆ ಒಂದೇ ಹೆಸರಿಗೆ ‘ಮತ್ತು ತಂಡ’ ಸೇರಿಸಿ ಹಾಕಿದೆ. ಕೊನೆಗೆ ‘ಅಳಿಸಲೇ?’ ಎಂದು ಕೇಳಿದಾಗಲೆಲ್ಲ ಹೂಂ ಅಂದೆ. ಕಂಪ್ಯೂಟರು ಹಗುರಾಯಿತು, ನನಗೂ ನೆಮ್ಮದಿಯಾಯಿತು.

ಒಂದು ಬೆಳಗ್ಗೆ ಬಸ್ಸಿನವರೆಲ್ಲ ಹೋದ ಮೇಲೆ ಐವತ್ತು ದಾಟಿದ ಹೆಂಗಸೊಬ್ಬರು ಬಂದರು. ಹೆಸರು ಮಾರಕ್ಕ ಅಂದರು. ಸೆರಗಿನ ಗಂಟಿನಿಂದ ಮೆಮೊರಿ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು.

“ನಮ್ಮನೆಯವ್ರು ಹೇಳಿರೋ ಪದ ಬೇಕು ಕಣಪ್ಪ. ನಿನ್ನತ್ರ ಐತಂತೆ.”

“ಅವರ ಹೆಸರೇನಮ್ಮ?”

ಮಾರಕ್ಕ ಬಾಗಿಲ ಕಡೆ ನೋಡಿದರು. “ಅದೆಂಗಪ್ಪ ಹೇಳಾದು?”

ತಪ್ಪು ನನ್ನದೇ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದವರು ನಮ್ಮಲ್ಲಿ ಇನ್ನೂ ಇದ್ದಾರೆಂದು ಗೊತ್ತಿದ್ದೂ ಕೇಳಿದ್ದೆ. ಅವರು ಪ್ಲಾಸ್ಟಿಕ್ ಚೀಲದಿಂದ ರೇಷನ್ ಕಾರ್ಡು ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. ಮುನಿಶಾಮಯ್ಯ. ಟೈಪ್ ಮಾಡಿ ಹುಡುಕಿದೆ. ಆ ಹೆಸರಿನವರು ಯಾರೂ ಇಲ್ಲ ಎಂದು ಬಂತು.

“ಗಂಗಹನುಮಯ್ಯನ ತಂಡ ಕಣಪ್ಪ. ಒಂದು ತಂಬೂರಿ ಪದ ಐತೆ. ಮೊದ್ಲು ಗಂಗಹನುಮಯ್ಯ ಹೇಳವ್ರೆ, ಆಮೇಲೆ ಅದ್ನೇ ನಮ್ಮನೆಯವ್ರು ಹೇಳವ್ರೆ. ಅವರೊಬ್ರುದೇ ದನಿ ಇರಾದು ಅದೊಂದ್ರಲ್ಲೇಯ. ಹೋದ ತಿಂಗ್ಳು ಗಂಟ್ಲು ಆಪ್ರೇಸನ್ ಆಯ್ತು. ಇನ್ನು ಮಾತು ಬರಾಕಿಲ್ವಂತೆ. ಆ ದನಿ ಎಲ್ಲಿ ಮರ್ತೋಯ್ತದೋ ಅಂತ ದಿಗಿಲು ನಂಗೆ.”

ಆ ಪದ ನನಗೆ ಚೆನ್ನಾಗಿ ನೆನಪಿತ್ತು. ಅದೇ ತಂಡದ ಹೆಸರು, ಅದೇ ಪದ, ಎರಡು ಸಲ. ಸಾಫ್ಟ್‌ವೇರ್ ಕೇಳಿತ್ತು, ನಾನು ಹೂಂ ಅಂದಿದ್ದೆ. ರೀಸೈಕಲ್ ಬಿನ್ ಕೂಡ ಅವತ್ತೇ ಖಾಲಿ ಮಾಡಿದ್ದೆ. ಸಿಗುತ್ತಿಲ್ಲ, ನಾಳೆ ಬನ್ನಿ ಎಂದು ಸಾಗಹಾಕಬಹುದಿತ್ತು. ದಿನಕ್ಕೆ ಹತ್ತು ಜನರಿಗೆ ಹಾಗೆ ಹೇಳುತ್ತೇನೆ. ಆದರೆ ಅವರ ಬೆರಳು ಇನ್ನೂ ಆ ಹೆಸರಿನ ಮೇಲೇ ಇತ್ತು.

“ಅಳಿಸ್ಬುಟ್ಟಿದೀನಿ ಕಣಮ್ಮ,” ಅಂದೆ. “ಎರಡೆರಡು ಇತ್ತು. ಒಂದು ಬೇಡ ಅಂತ ತೆಗೆದ್ಬುಟ್ಟೆ.”

ಮಾರಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಡಾಕುಟ್ರೂ ಹಂಗೇ ಅಂದ್ರು,” ಅಂದರು. “ಬ್ಯಾಡದ್ದ ತೆಗೆದಿದೀವಿ ಅಂತ.”

ಸ್ಟೂಲು ಹಾಕಿ ಕೂರಿಸಿ, ಆ ತಂಡದ ಉಳಿದ ಪದಗಳನ್ನು ಒಂದೊಂದಾಗಿ ಹಾಕಿದೆ. ಐದು ಪದ ಮುಗಿದರೂ ಅವರು ಅಲುಗಾಡಲಿಲ್ಲ. ಆರನೆಯದರಲ್ಲಿ ತಟ್ಟನೆ ಕೈ ಎತ್ತಿದರು.

“ಅಗೋ!”

ನನಗೆ ಕೇಳಿದ್ದು ಎಂಟು ಜನರ ಗದ್ದಲ ಮಾತ್ರ.

“ಎಲ್ರೂ ನಿಲ್ಸಿದ್ ಮೇಲೆ ಒಂದು ದನಿ ಒಸಿ ಎಳೀತದೆ ನೋಡು. ಅದೇಯ.”

ಹಿಂದಕ್ಕೆ ಹಾಕಿ ಮೂರು ಸಲ ಕೇಳಿದೆ. ಹೌದು, ಸಾಲು ಮುಗಿದ ಮೇಲೂ ಒಂದು ದನಿ ಅರ್ಧ ಉಸಿರಿನಷ್ಟು ಉಳಿದುಕೊಳ್ಳುತ್ತಿತ್ತು. ರೆಕಾರ್ಡ್ ಮಾಡಿದ ದಿನ ಅದಕ್ಕೇ ನಾನು ಸಿಡುಕಿದ್ದೆ, ಎಲ್ಲರ ಜೊತೆಗೇ ನಿಲ್ಲಿಸಿ ಸ್ವಾಮಿ ಎಂದು. ಪುಣ್ಯಕ್ಕೆ ಅವರು ನನ್ನ ಮಾತು ಕೇಳಿರಲಿಲ್ಲ.

“ಅದ್ನೇ ಹಾಕ್ಕೊಡು,” ಅಂದರು ಮಾರಕ್ಕ. “ಪದದ ಜೊತೆ ಫೋನಲ್ಲಿ ಹೆಸ್ರೂ ಬತ್ತದಂತಲ್ಲ, ಯಾರ್ದು ಬತ್ತದೆ?”

ಗಂಗಹನುಮಯ್ಯನವರದು ಎಂದು ಹೇಳಲು ನಾಚಿಕೆಯಾಯಿತು. ಆ ಹೆಸರನ್ನು ಅಳಿಸಿ, ರೇಷನ್ ಕಾರ್ಡು ನೋಡಿಕೊಂಡು ಮುನಿಶಾಮಯ್ಯ ಎಂದು ಹೊಡೆದೆ. ‘ಮತ್ತು ತಂಡ’ ಸೇರಿಸಲಿಲ್ಲ. ಸುಳ್ಳೇ ಇರಲಿ. ಆ ಹೆಸರಿನ ಕೆಳಗೆ ಒಂದೇ ಒಂದು ಪದ ಬಂದು ಕೂತಿತು.

“ಏನಂತ ಬರ್ದೆ? ಓದು.”

“ಮುನಿಶಾಮಯ್ಯ.”

ಮಾರಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಮೆಮೊರಿ ಕಾರ್ಡನ್ನು ಗಂಟು ಕಟ್ಟಿಕೊಂಡು ಮೆಟ್ಟಿಲಿಳಿದವರು ತಿರುಗಿ ಬಂದರು.

“ಇನ್ನೊಂದ್ ಸಲ ಓದಪ್ಪ. ಮೊದ್ಲು ಫೋನ್ ಬಂದ್ರೆ ತಮ್ ಹೆಸ್ರ ತಾವೇ ಜೋರಾಗಿ ಹೇಳೋರು. ಈಗ ಅವ್ರಿಗೆ ಆಗಾಕಿಲ್ಲ, ನಾನು ಹೇಳಂಗಿಲ್ಲ. ಮನೇಲಿ ಆ ಹೆಸ್ರು ಕೇಳಿ ತಿಂಗ್ಳಾಯ್ತು.”

ನಾನು ಎದ್ದು ನಿಂತು, ಬಸ್ ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ ಓದಿದೆ.