ನಾಲ್ಕು ಬಟನ್ನಿನ ನಕ್ಷೆ

ನಕ್ಷೆಯ ಪಾಠ ಮುಗಿಸಿ ವೆನಿಂಗ್ ಎಂಬ ಆ ಹುಡುಗಿ, "ಹೇಗನ್ನಿಸ್ತು? ಸುಲಭ ಇದೆಯಾ?" ಎಂದು ಕೇಳಿದಳು. ಸಭಾಮಂದಿರದಲ್ಲಿ ಕೂತಿದ್ದ ಓಣಿ ಮುಖ್ಯಸ್ಥರೆಲ್ಲ "ಸುಲಭ, ತುಂಬಾ ಸುಲಭ" ಎಂದು ತಲೆಯಾಡಿಸಿದರು. ಪಾ ಕಸ್ಬೋಲಾ ಅಂತೂ "ಮಕ್ಕಳಾಟ" ಎಂದರು. ಅವರ ಲ್ಯಾಪ್‌ಟಾಪಿನ ಪರದೆ ಆಗಲೇ ಕಪ್ಪಾಗಿತ್ತು. ಏನು ಒತ್ತಿ ಹಾಗೆ ಮಾಡಿಕೊಂಡರೋ ಅವರಿಗೇ ಗೊತ್ತಿರಲಿಲ್ಲ.

ನಮ್ಮ ಜನವೇ ಹೀಗೆ. ಮನೆಗೆ ಬಂದವರ ಮುಖ ಬಾಡಬಾರದು. ಉಪ್ಪೇ ಇಲ್ಲದ ಸಾರು ಬಡಿಸಿದರೂ ಇನ್ನೊಂದು ಸೌಟು ಹಾಕಿಸಿಕೊಂಡು ಹೊಗಳಿ ಎದ್ದು ಹೋಗುತ್ತಾರೆ. ನನಗೆ ಆ ಗುಣ ಬರಲಿಲ್ಲ. ಅವ್ವ ಹೊಡೆದು ಕಲಿಸಲು ನೋಡಿದಳು, ಆಗಲಿಲ್ಲ.

"ನಂಗೆ ಒಂದೂ ಅರ್ಥ ಆಗ್ಲಿಲ್ಲ," ಎಂದೆ.

ಎಲ್ಲರೂ ಕೆಮ್ಮಿದರು. ಲುರಾ ಸಾಹೇಬರು, ಅಂದರೆ ನಮ್ಮ ಬಡಾವಣೆಯ ಮೇಲಧಿಕಾರಿ, ಕಿಟಕಿಯ ಕಡೆ ತಿರುಗಿದರು. ವೆನಿಂಗ್ ಮಾತ್ರ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಳು.

"ಬು ತುರಿನಾ, ಎಲ್ಲಿ ಅರ್ಥ ಆಗ್ಲಿಲ್ಲ?" ನಮ್ಮಲ್ಲಿ ಹಿರಿಯ ಹೆಂಗಸಿಗೆ ಬು, ಗಂಡಸಿಗೆ ಪಾ.

"ಮೊದಲಿಂದ."

ಅವಳ ಮುಖ ಅರಳಿತು. ಯೋಗ್ಯಕರ್ತಾದಿಂದ ನಮ್ಮೂರು ಪೆಕಲೊಂಗಾನ್‌ವರೆಗೆ ಬಸ್ಸಿನಲ್ಲಿ ಬಂದವಳಿಗೆ ನಿಜ ಹೇಳಿದ ಮೊದಲನೆಯವಳು ನಾನೇ ಎಂದು ಆಮೇಲೆ ತಿಳಿಯಿತು.

ವಿಷಯ ಸಣ್ಣದಲ್ಲ. ನಮ್ಮ ಉತ್ತರಕ್ಕಿರುವ ಸಮುದ್ರ ಉಬ್ಬಿದಾಗಲೆಲ್ಲ ಉಪ್ಪುನೀರು ಓಣಿಗೆ ನುಗ್ಗುತ್ತದೆ. ನನ್ನ ಬಾಟಿಕ್ ಚಪ್ಪರದಲ್ಲಿ ಹೆಂಗಸರು ನೆಲಕ್ಕೆ ಹತ್ತಿದ ಮಣೆಯ ಮೇಲೆ ಕೂತು, ಮಧ್ಯೆ ಒಲೆಯಿಟ್ಟು, ಅದರ ಬಾಣಲೆಯ ಬಿಸಿ ಮೇಣದಲ್ಲಿ ಬಟ್ಟೆಯ ಮೇಲೆ ಬರೆಯುತ್ತಾರೆ. ನೀರು ಬಂದರೆ ಮೊದಲು ಆರುವುದು ಒಲೆ. ಒಲೆ ಆರಿದರೆ ಮೇಣ ಗಟ್ಟಿ, ಕೆಲಸ ಬಂದ್. ಹೆಂಗಸರು ಆಗಲೇ ದಕ್ಷಿಣದ ಕಾರ್ಖಾನೆಯ ಕೆಲಸದ ಕಡೆ ನೋಡತೊಡಗಿದ್ದರು. ಈ ಸಲ ನಗರದ ನೀರಿನ ಇಲಾಖೆ ನಮ್ಮ ಬಡಾವಣೆಗೆ ಒಂದು ಪಂಪು ಕೊಡುತ್ತದಂತೆ. ಒಂದೇ ಒಂದು. ಪ್ರತಿ ಓಣಿಯ ಮುಖ್ಯಸ್ಥರು ತಮ್ಮ ಓಣಿ, ಮನೆ, ನೀರು ನುಗ್ಗುವ ಜಾಗ ಎಲ್ಲವನ್ನೂ ಕಂಪ್ಯೂಟರಿನಲ್ಲಿ ತಾವೇ ಬಿಡಿಸಬೇಕು. ಶನಿವಾರ ಎಂಜಿನಿಯರ್ ಬರುತ್ತಾರೆ, ನಕ್ಷೆಯಲ್ಲಿ ನೀಲಿ ಎಲ್ಲಿ ಹೆಚ್ಚಿದೆಯೋ ಅಲ್ಲಿ ಪಂಪು. ಬಿಡಿಸಲು ಬಾರದಿದ್ದರೆ ನನ್ನ ಓಣಿ ಇದ್ದೂ ಇಲ್ಲದ ಹಾಗೆ.

ಆ ನಕ್ಷೆಯ ಪ್ರೋಗ್ರಾಮು ಬಿಟ್ಟಿಯದು. ಯಾರದೂ ಅಲ್ಲ, ಎಲ್ಲರದೂ. ಯಾರು ಬೇಕಾದರೂ ಬಿಚ್ಚಿ ರಿಪೇರಿ ಮಾಡಬಹುದಂತೆ. ಹಾಗಾಗಿ ಲೋಕದಲ್ಲಿರುವ ಬುದ್ಧಿವಂತರೆಲ್ಲ ಬಂದು ತಲೆಗೊಂದು ಬಟನ್ ಸೇರಿಸಿ ಹೋಗಿದ್ದರು. ತೆಗೆದವರು ಒಬ್ಬರೂ ಇಲ್ಲ. ನಮ್ಮಂಥ ಹೊಸಬರಿಗಾಗಿ ಅದನ್ನು ಸರಳ ಮಾಡುವುದೇ ವೆನಿಂಗಳ ಕೆಲಸ.

"ನೀವು ನಿಮ್ಮ ಪಾಡಿಗೆ ಮಾಡಿ ಬು. ಬೈಬೇಕು ಅನ್ನಿಸಿದಾಗ ಬೈರಿ. ನಾನು ಪಕ್ಕದಲ್ಲಿ ಸುಮ್ನೆ ಕೂತಿರ್ತೀನಿ."

ಇಂಥ ಕೆಲಸ ನನಗೆ ಯಾರೂ ಕೊಟ್ಟಿರಲಿಲ್ಲ.

ಪ್ರೋಗ್ರಾಮು ತೆರೆದ ಕೂಡಲೇ ಅದು ನನ್ನನ್ನೇ ಕೇಳಿತು: ನಿರ್ದೇಶಾಂಕ ಪದ್ಧತಿ ಯಾವುದು, ಆರಿಸಿ. ಕೆಳಗೆ ಮುಗಿಯದಷ್ಟು ಹೆಸರುಗಳು.

"ಇದೇನೇ ಇದು? ನಾನು ನಮ್ಮೋಣಿ ಬರೀಬೇಕು ಅಂದ್ರೆ ಇದು ಯಾವ ಭೂಮಿ ಮೇಲೆ ಅಂತ ಕೇಳ್ತಿದೆಯಲ್ಲ. ಎಷ್ಟು ಭೂಮಿ ಇದ್ದಾವೆ ಇದರ ಹತ್ರ?"

ವೆನಿಂಗ್ ಬರೆದುಕೊಂಡಳು. ಮಾರನೆಯ ದಿನ ಆ ಪ್ರಶ್ನೆ ಇರಲಿಲ್ಲ.

ಮೇಲೊಂದು ಅಂಗೈಯ ಚಿತ್ರವಿತ್ತು. ಚೌಕದಲ್ಲಿ ಪೊಲೀಸಿನವನು ಕೈ ತೋರಿಸುವುದು ನಿಲ್ಲಲಿಕ್ಕೆ. ನಕ್ಷೆ ಜಾರುತ್ತಿತ್ತು, ನಿಲ್ಲಲಿ ಎಂದು ಕೈ ಒತ್ತಿದೆ. ಆಮೇಲೆ ಬೆರಳಾಡಿಸಿದರೆ ಅದು ಇನ್ನೂ ಜೋರಾಗಿ ಓಡಿತು. ನಾನು ಒತ್ತಿದಷ್ಟೂ ಓಡಿ ಕೊನೆಗೆ ಬೋರ್ನಿಯೋ ದಾಟಿತು. ಆ ಕೈ ಇರುವುದು ನಕ್ಷೆಯನ್ನು ಹಿಡಿದು ಎಳೆಯಲಿಕ್ಕಂತೆ.

"ಎಳೆಯೋ ಕೈಗೆ ಬೆರಳು ಮಡಚಿರತ್ತೆ. ನೀನು ಯಾವತ್ತೂ ಬಾವಿ ಹಗ್ಗ ಎಳೆದಿಲ್ವಾ?"

"ನಮ್ಮನೇಲಿ ನಲ್ಲಿ ಇದೆ ಬು."

ಕೈಯೂ ಹೋಯಿತು. ಪದರ, ಉಪಪದರ, ಪದರದ ಗುಣಲಕ್ಷಣ ಎಂಬ ಬಟನ್‌ಗಳೆಲ್ಲ ಹೋದವು.

ಎರಡು ದಿನ ಕಳೆಯುವುದರೊಳಗೆ ನನ್ನ ಚಪ್ಪರಕ್ಕೆ ಜನ ಬರತೊಡಗಿದರು. ಮೊದಲು ಬಂದವರು ಪಾ ಕಸ್ಬೋಲಾ. ದಕ್ಷಿಣದ ಕೊನೆಯಲ್ಲಿ, ಸ್ಮಶಾನದ ಪಕ್ಕ, ಎತ್ತರದಲ್ಲಿ ಅವರ ಓಣಿ. ಅಲ್ಲಿಗೆ ಸಮುದ್ರದ ನೀರು ಹತ್ತುವುದಿಲ್ಲ. ಪಂಪಿನ ಆಸೆಯೂ ಅವರಿಗಿಲ್ಲ. ಅವರ ಲೋಕವೇ ಪಂಜರದಲ್ಲಿರುವ ಹಾಡುವ ಹಕ್ಕಿ. ಚಹಾ ಕುಡಿದರು, ಗಾಳಿಯ ವಿಷಯ ಮಾತಾಡಿದರು, ಹಕ್ಕಿಯ ಗಂಟಲಿನ ವಿಷಯ ಮಾತಾಡಿದರು, ಎದ್ದು ನಿಂತರು, ಮತ್ತೆ ಕೂತರು.

"ಬು, ಆ ಅಕ್ಷರಗಳು ಸ್ವಲ್ಪ ಚಿಕ್ಕದಾಯ್ತೇನೋ."

"ಅವಳಿಗೇ ಹೇಳ್ರಿ."

"ಛೆ, ಪಾಪ, ಅಷ್ಟು ದೂರದಿಂದ ಬಂದಿದ್ದಾಳೆ. ನೊಂದ್ಕೊಳ್ತಾಳೆ. ನೀವು ಹೇಗೂ ಬೈತಾನೇ ಇದ್ದೀರಲ್ಲ. ಅದರ ಜೊತೆಗೆ ಇದೂ ಒಂದು."

ಹೀಗೆ ಎಲ್ಲರ ಬೈಗುಳಕ್ಕೂ ನಾನು ಬಾಯಾದೆ. ಒಬ್ಬರಿಗೆ ಬಣ್ಣ ಕಣ್ಣು ಚುಚ್ಚುತ್ತಿತ್ತು, ಇನ್ನೊಬ್ಬರಿಗೆ ಕಂಪ್ಯೂಟರಿನ ಇಲಿ ಓಡಾಡಿದರೆ ತಲೆ ಸುತ್ತುತ್ತಿತ್ತು. ಲುರಾ ಸಾಹೇಬರೇ ತಮ್ಮ ಕಾರಕೂನನನ್ನು ಕಳಿಸಿ, ಪ್ರೋಗ್ರಾಮು ಮುಚ್ಚಲು ಹೋದರೆ ಅದು 'ನಿಜವಾಗಿಯೂ?' ಎಂದು ಕೇಳುತ್ತದೆ, ಅದು ಅಧಿಕಾರಿಯನ್ನು ಕೇಳುವ ರೀತಿಯಲ್ಲ ಎಂದು ಹೇಳಿಸಿದರು. ನಾನು ಎಲ್ಲವನ್ನೂ ನನ್ನದೇ ಎಂಬಂತೆ ವೆನಿಂಗಳ ಮೇಲೆ ಸುರಿದೆ. ಸಂತೆಯಲ್ಲಿ ಮಾತ್ರ ಜನ, "ಅಯ್ಯೋ, ಆ ತುರಿನಾ ಆ ಮಗೂನ ಎಷ್ಟು ಗೋಳು ಹೊಯ್ಕೊಳ್ತಾಳೆ" ಎನ್ನುತ್ತಿದ್ದರು. ಹಾಗೆನ್ನುವವರಲ್ಲಿ ಪಾ ಕಸ್ಬೋಲಾರೂ ಒಬ್ಬರು.

ಶುಕ್ರವಾರದ ಹೊತ್ತಿಗೆ ಪರದೆ ತೊಳೆದ ಅಂಗಳದಂತಾಗಿತ್ತು. ನಾಲ್ಕೇ ಬಟನ್. ಓಣಿ. ಮನೆ. ನೀರು. ತಪ್ಪಾಯ್ತು. ಹಿಂದೆ ಆಕಾಶದಿಂದ ತೆಗೆದ ಚಿತ್ರವೊಂದು ಇರುತ್ತಿತ್ತು, ಬರೀ ಹೆಂಚೇ ಹೆಂಚು, ತೆರೆಯಲು ಅರ್ಧ ಗಂಟೆ. ಅದನ್ನೂ ತೆಗೆಸಿದ್ದೆ. ಉಳಿದದ್ದು ಬಿಳಿ ಹಾಳೆ, ನಡುವೆ ನೇರವಾಗಿ ಹರಿಯುವ ನಮ್ಮ ಹೊಳೆ, ಹೊಳೆಯ ನಡುವೆ ಸೇತುವೆ. ಮೂಲೆಯಲ್ಲಿ ಇನ್ನೂ ಒಂದು ಬಾಣದ ಗುರುತು ಉಳಿದಿತ್ತು.

"ಇದೊಂದು ಯಾಕೆ?"

"ಉತ್ತರ ಯಾವ ಕಡೆ ಅಂತ ತೋರ್ಸಕ್ಕೆ ಬು."

ನನಗೆ ಸಿಟ್ಟು ಬಂತು. ನಮ್ಮಲ್ಲಿ ಎಡ ಬಲ ಅನ್ನುವವರೇ ಇಲ್ಲ. ತಟ್ಟೆಯನ್ನು ಸ್ವಲ್ಪ ಪೂರ್ವಕ್ಕೆ ಸರಿಸು, ದಕ್ಷಿಣದ ಕಾಲಿಗೆ ಮುಳ್ಳು ಚುಚ್ಚಿದೆ, ಹೀಗೇ ನಮ್ಮ ಮಾತು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ದಿಕ್ಕು ಹೇಳುತ್ತೇವೆ.

"ಉತ್ತರ ಎಲ್ಲಿದೆ ಅಂತ ನಮಗೆ ಕಂಪ್ಯೂಟರ್ ಹೇಳ್ಕೊಡ್ಬೇಕಾ? ಹಸುಗೂಸಿಗೂ ಗೊತ್ತಿದೆ. ತೆಗಿ ಅದನ್ನ."

ಬಾಣವೂ ಹೋಯಿತು.

ಶನಿವಾರ ಬೆಳಿಗ್ಗೆ ಸಭಾಮಂದಿರದಲ್ಲಿ ಸಾಲಾಗಿ ಕೂತೆವು. ಕರೆಂಟಿನ ಪ್ಲಗ್ ಇರುವುದು ದಕ್ಷಿಣದ ಗೋಡೆಯಲ್ಲಿ ಮಾತ್ರ, ನೀರಿಗೆ ಸಿಗದಷ್ಟು ಎತ್ತರದಲ್ಲಿ. ದೊಡ್ಡ ಪರದೆಯೂ ಅಲ್ಲೇ. ಎಲ್ಲರ ಮುಖವೂ ಆ ಕಡೆಗೆ. ವೆನಿಂಗ್ ಕೈ ಕಟ್ಟಿ ನಿಂತಳು, ಯಾರಿಗೂ ಏನೂ ಹೇಳಿಕೊಡಲಿಲ್ಲ. ನಾನು ಓಣಿ ಒತ್ತಿ ಗೆರೆ ಎಳೆದೆ. ಮನೆಗಳನ್ನಿಟ್ಟೆ. ಆಮೇಲೆ ನೀರು ಒತ್ತಿ ನೀಲಿ ಸುರಿದೆ. ಒಮ್ಮೆ ಮಾತ್ರ 'ತಪ್ಪಾಯ್ತು' ಒತ್ತಿ ಗೆರೆ ಅಳಿಸಿದ್ದು. ಪಕ್ಕದಲ್ಲಿ ಪಾ ಕಸ್ಬೋಲಾ ತಮ್ಮ ಮನೆಯನ್ನು ಇಟ್ಟು ತಾವೇ ನಕ್ಕರು. ಎಲ್ಲರದೂ ಮುಗಿಯಿತು. ಸಂತೋಷಕ್ಕೆ ಲುರಾ ಸಾಹೇಬರು ಮೆಗೊನೊ ಎಂಬ ಹಲಸಿನಕಾಯಿ ಪಲ್ಯ ಬೆರೆತ ಅನ್ನದ ಪೊಟ್ಟಣ ಹಂಚಿಸಿದರು.

ಎಂಜಿನಿಯರ್ ಬಂದರು, ಎಲ್ಲರ ನಕ್ಷೆಯನ್ನೂ ಸೇರಿಸಿ, ತಮ್ಮ ಇಲಾಖೆಯ ನಕ್ಷೆಯ ಮೇಲಿಟ್ಟು ದೊಡ್ಡ ಪರದೆಯಲ್ಲಿ ನೋಡಿದರು.

"ಬಹಳ ಚೆನ್ನಾಗಿದೆ. ನೀಲಿಯೆಲ್ಲ ದಕ್ಷಿಣದಲ್ಲೇ ಇದೆ. ಪಂಪು ಸ್ಮಶಾನದ ಪಕ್ಕ ಕೂರಿಸೋಣ. ಮುಖ್ಯಸ್ಥರ ಪಟ್ಟಿ ಪ್ರಕಾರ ಪಾ ಕಸ್ಬೋಲಾ ಅವರ ಮನೆ ಅಲ್ಲೇ ಅಲ್ವಾ?"

ಪಾ ಕಸ್ಬೋಲಾರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಮನೆಯ ಬಾಗಿಲಲ್ಲಿ ಹಗಲೂ ರಾತ್ರಿ ಗುಡುಗುವ ಡೀಸೆಲ್ ಪಂಪು, ಅದರ ಪಕ್ಕ ಅವರ ಹಕ್ಕಿ. 

"ಹೌದು ಸರ್," ಎಂದರು. "ತುಂಬಾ ಉಪಕಾರ ಆಯ್ತು ಸರ್."

ನಾನು ಅನ್ನದ ಪೊಟ್ಟಣ ಕೆಳಗಿಟ್ಟು ಎದ್ದೆ.

"ಏನು ಉಪಕಾರ? ರೀ ಕಸ್ಬೋಲಾ, ನಿಮ್ಮೋಣೀಲಿ ಕೋಳಿ ಕಾಲು ನೆನೆಯೋಷ್ಟು ನೀರು ನಿಂತಿದೆಯೇನ್ರಿ ಯಾವತ್ತಾದ್ರೂ? ನನ್ನ ಪಂಪು ಹೊಡ್ಕೊಳ್ಳಕ್ಕೆ ನಾಚ್ಕೆ ಆಗಲ್ವಾ?"

"ನಾನೇನೂ ಕೇಳ್ಲಿಲ್ಲ ಬು," ಎಂದರು ಅವರು, ಅಳುವ ದನಿಯಲ್ಲಿ.

ಎಂಜಿನಿಯರ್ ಕೈಯೆತ್ತಿದರು. "ಅಮ್ಮಾ, ಆ ನೀಲಿ ಹಾಕಿದ್ದು ನೀವೇ. ಇಲ್ಲಿ ನೋಡಿ, ನಿಮ್ಮ ಮನೆ. ಗೋರಿಗಳ ಮಧ್ಯೆ ಇಟ್ಟಿದ್ದೀರಿ."

"ನನ್ನನ್ನ ಇಷ್ಟು ಬೇಗ ಹೂಳ್ಬೇಡಿ ಸ್ವಾಮಿ. ನಮ್ಮನೆ ಇರೋದು ಸಮುದ್ರದ ಪಕ್ಕ. ಸಮುದ್ರ ಇಲ್ಲಿ, ನನ್ನ ಬೆನ್ನ ಹಿಂದೆ. ಅದಕ್ಕೇ ಹಾಳೆಯ ಈ ತುದೀಲಿ, ನನ್ನ ಹೊಟ್ಟೆ ಹತ್ರ ಇಟ್ಟಿದ್ದೀನಿ."

"ನಕ್ಷೆಯಲ್ಲಿ ಸಮುದ್ರ ಮೇಲೆ ಇರತ್ತಮ್ಮಾ."

"ಮೇಲೆ ಆಕಾಶ ಇರತ್ತೆ."

ಹಿಂದಿನ ಸಾಲಿನವರು ಹೌದು ಹೌದೆಂದು ಗೊಣಗಿದರು. ಅವರೂ ಸಮುದ್ರವನ್ನು ಹೊಟ್ಟೆಯ ಹತ್ತಿರವೇ ಇಟ್ಟುಕೊಂಡಿದ್ದರು. ದಕ್ಷಿಣಕ್ಕೆ ಮುಖ ಮಾಡಿ ಕೂತವರಿಗೆ ಹಾಳೆಯ ಮೇಲ್ತುದಿ ದಕ್ಷಿಣವಲ್ಲದೆ ಇನ್ನೇನು? ಹೊಳೆ ನೇರ, ಸೇತುವೆ ನಟ್ಟ ನಡುವೆ, ತಿರುಗಿಸಿ ಹಿಡಿದರೂ ಹಾಗೇ ಕಾಣುತ್ತದೆ. ಇಡೀ ಬಡಾವಣೆ ತಲೆಕೆಳಗಾಗಿ ಮಲಗಿತ್ತು.

ಆ ಮಂದಿರದಲ್ಲಿ ಉತ್ತರಕ್ಕೆ ಮುಖ ಮಾಡಿ ನಿಂತಿದ್ದವಳು ವೆನಿಂಗ್ ಒಬ್ಬಳೇ. ಅವಳು ಹಣೆ ಮುಟ್ಟಿಕೊಂಡಳು.

"ಬಾಣ ಇರ್ಬೇಕಿತ್ತು ಸರ್. ನಾನು ತೆಗೆದುಬಿಟ್ಟೆ."

ತೆಗೆಸಿದವರ ಹೆಸರು ಹೇಳಲಿಲ್ಲ. ಹೇಳಿದ್ದರೆ ಅಲ್ಲೇ ಇನ್ನೊಂದು ಜಗಳವಾಗುತ್ತಿತ್ತು.

ಎಂಜಿನಿಯರಿಗೆ ನಂಬಿಕೆ ಬರಲಿಲ್ಲ. ಪಂಪು ಸಿಗಲಿಲ್ಲವೆಂದು ಹೆಂಗಸು ಕಥೆ ಕಟ್ಟುತ್ತಿದ್ದಾಳೆ ಎಂಬಂತೆ ನನ್ನನ್ನು ನೋಡಿ ಪಾ ಕಸ್ಬೋಲಾರ ಕಡೆ ತಿರುಗಿದರು. "ನೀವೇ ಹೇಳಿ. ನಿಮ್ಮ ಓಣೀಲಿ ನೀರಿದೆಯೋ ಇಲ್ಲವೋ?"

ಅಧಿಕಾರಿಯ ಎದುರು ಅವರ ಮಾತು ತಪ್ಪೆನ್ನುವುದು ಹೇಗೆ? ಪಾ ಕಸ್ಬೋಲಾರ ಹಣೆ ಬೆವರಿತು.

"ಇದೆ ಸರ್," ಎಂದರು. ನನ್ನನ್ನು ನೋಡಿದರು. ತಮ್ಮ ಹಕ್ಕಿಯನ್ನು ನೆನೆದುಕೊಂಡರೇನೋ. "ನಲ್ಲೀಲಿ ಇದೆ ಸರ್."

ಲುರಾ ಸಾಹೇಬರೇ ಮೊದಲು ನಕ್ಕರು.

"ಸರಿ," ಎಂದರು ಎಂಜಿನಿಯರ್, ಗಡಿಯಾರ ನೋಡುತ್ತ. "ಇದನ್ನು ತಿರುಗಿಸಿ ಒಪ್ಪಿಕೊಳ್ಳೋದಕ್ಕಾಗಲ್ಲ. ನನ್ನ ಕಣ್ಣೆದುರು ಮತ್ತೆ ಬಿಡಿಸಿ. ಊಟ ಮುಗಿಸೋವರೆಗೆ ಇರ್ತೀನಿ."

ಆ ಮನುಷ್ಯ ಬೇಗ ಬೇಗ ತಿನ್ನುವವರಂತೆ ಕಂಡರು. ನಾನು ಮೇಜನ್ನೇ ಎತ್ತಿದೆ. ಎಲ್ಲರೂ ಎದ್ದರು. ಕುರ್ಚಿ, ಮೇಜು, ಲ್ಯಾಪ್‌ಟಾಪು, ಎಲ್ಲ ತಿರುಗಿದವು. ವಯರುಗಳು ಕಾಲಿಗೆ ಸಿಕ್ಕಿಕೊಂಡವು, ಯಾರದೋ ಚಹಾ ಲುರಾ ಸಾಹೇಬರ ಮೊಣಕಾಲಿನ ಮೇಲೆ ಬಿತ್ತು. ದೊಡ್ಡ ಪರದೆಗೆ, ಎಂಜಿನಿಯರಿಗೆ, ಅವರ ಊಟಕ್ಕೆ, ಎಲ್ಲಕ್ಕೂ ಬೆನ್ನು ಹಾಕಿ ಸಮುದ್ರದ ಕಡೆ ಮುಖ ಮಾಡಿ ಕೂತೆವು. ಅತಿಥಿಗೆ ಬೆನ್ನು ತೋರಿಸಿದ್ದಕ್ಕೆ ಒಬ್ಬೊಬ್ಬರೂ ತಿರುಗಿ ಕ್ಷಮೆ ಕೇಳಿದರು. ಅದರಲ್ಲೇ ಅರ್ಧ ಊಟ ಮುಗಿಯಿತು.

"ಕ್ಷಮೆ ಆಮೇಲೆ ಕೇಳ್ರೋ, ಮೊದಲು ಬರೀರಿ," ಎಂದು ಕೂಗಿದೆ.

ಓಣಿ. ಮನೆ. ನೀರು. ಹುಡುಕುವಂಥದ್ದು ಅಲ್ಲಿ ಏನೂ ಉಳಿದಿರಲಿಲ್ಲ. ನನ್ನ ಚಪ್ಪರದ ಮೇಲೆ ನೀಲಿ ಹಾಕಿ ಹಿಂದೆ ನೋಡಿದಾಗ ಎಂಜಿನಿಯರ್ ಇನ್ನೂ ಬಾಳೆಹಣ್ಣು ಸುಲಿಯುತ್ತಿದ್ದರು. ಅವರು ಎದ್ದು ಬಂದು ಒಂದೊಂದೇ ಪರದೆ ನೋಡಿದರು. ಹಣ್ಣು ತಿಂದು ಮುಗಿಸಿ ಸಿಪ್ಪೆಯನ್ನು ಅನ್ನದ ಪೊಟ್ಟಣದಲ್ಲಿ ಸುತ್ತಿದರು.

"ಪಂಪು ಬು ತುರಿನಾ ಅವರ ಓಣಿಗೆ," ಎಂದರು.

ಪಾ ಕಸ್ಬೋಲಾ ನನಗಿಂತ ಮೊದಲು ಅವರ ಕೈ ಹಿಡಿದು ಕುಲುಕಿದರು.

ಪಂಪು ಬಂತು, ನನ್ನ ಚಪ್ಪರದ ಉತ್ತರದ ಗೋಡೆಗೆ ಒತ್ತಿಕೊಂಡೇ ಕೂತಿತು. ಉಬ್ಬರ ಬಂದರೂ ಒಲೆ ಆರುವುದಿಲ್ಲ. ಕಾರ್ಖಾನೆಗೆ ಯಾರೂ ಹೋಗಲಿಲ್ಲ. ಆದರೆ ಅದರ ಸದ್ದು ಎಷ್ಟೆಂದರೆ ಮಣೆಯ ಮೇಲೆ ಕೂತ ಹೆಂಗಸರು ಪಿಸುಮಾತಿನ ವಿಷಯವನ್ನೆಲ್ಲ ಕಿರುಚಿಯೇ ಹೇಳಬೇಕು. ಪಂಪು ಆಗಾಗ ಇದ್ದಕ್ಕಿದ್ದಂತೆ ನಿಲ್ಲುತ್ತದೆ, ಇವರ ಬಾಯಿ ಅಷ್ಟು ಬೇಗ ನಿಲ್ಲುವುದಿಲ್ಲ. ಯಾರ ಗಂಡ ಯಾರಿಗೆ ಏನು ಕೊಡಿಸಿದ ಎಂದು ಈಗ ಇಡೀ ಓಣಿಗೆ ಗೊತ್ತು.

ವೆನಿಂಗ್ ಬಾಣವನ್ನು ವಾಪಸ್ ತರಲಿಲ್ಲ. ಅದರ ಬದಲು ಪ್ರೋಗ್ರಾಮು ತೆರೆದ ಕೂಡಲೇ ದೊಡ್ಡ ಅಕ್ಷರದಲ್ಲಿ ಒಂದು ಸಾಲು ಬರುವಂತೆ ಮಾಡಿದಳು: ಸಮುದ್ರದ ಕಡೆ ಮುಖ ಮಾಡಿ ಕೂತ್ಕೊಳ್ಳಿ. ಬಿಟ್ಟಿಯದಲ್ಲವೇ, ನಾಲ್ಕು ಬಟನ್ನಿನ ನಕ್ಷೆ ಎಲ್ಲೆಲ್ಲಿಗೋ ಹೋಯಿತು. ಮೊನ್ನೆ ಫೋನು ಮಾಡಿದ್ದಳು. ಪಂಪಿನ ಸದ್ದಿಗೆ ಒಂದು ಕಿವಿ ಮುಚ್ಚಿಕೊಂಡು ಕೇಳಿಸಿಕೊಂಡೆ.

"ಬು, ಲಾವೋಸ್‌ನಿಂದ ಯಾರೋ ಬರೆದಿದ್ದಾರೆ. ತುಂಬಾ ಚೆನ್ನಾಗಿದೆ, ಆದರೆ ನಮ್ಮ ದೇಶದಲ್ಲಿ ಸಮುದ್ರವೇ ಇಲ್ಲ, ಯಾವ ಕಡೆ ಕೂರೋದು ಅಂತ ಕೇಳ್ತಿದ್ದಾರೆ. ಏನಂತ ಬರೀಲಿ?"

"ನೀರು ಯಾವ ಕಡೆಯಿಂದ ನುಗ್ಗತ್ತೋ ಆ ಕಡೆ ಕೂರ್ಲಿ."

"ಅವರು ಗುಡ್ಡದ ಮೇಲಿದ್ದಾರಂತೆ ಬು. ನೀರೇ ನುಗ್ಗಲ್ವಂತೆ."

"ಮತ್ತೆ ಅವರಿಗ್ಯಾಕೆ ನಕ್ಷೆ?" ಎಂದು ಕಿರುಚಿದೆ. "ಮಲಕ್ಕೊಳ್ಳಕ್ಕೆ ಹೇಳು."